ವಕಾಲತ್ತಿಗಿಂತ ಮೊದಲು ಕಾಗದ: ಕಾಸರಗೋಡಿನ ಕಿರಿಯ ವಕೀಲರು ಉಚಿತ ಕಾನೂನು ನೆರವಿಗೆ ಇಳಿಯುವುದು ಹೇಗೆ

ಪೆರ್ಲದ ಕಡೆಯ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ವಿದ್ಯಾನಗರದ ಕೋರ್ಟಿಗೆ ಬಂದಿದ್ದರು. ಚೀಲದಲ್ಲಿ ಮಲಯಾಳದ ಒಂದು ಸಮನ್ಸು. ಮನೆಗೆ ಬಂದ ದಿನ ಅದನ್ನು ಓದಿದ್ದು ಪಕ್ಕದ ಮನೆಯ ಹುಡುಗ. "ಅಜ್ಜಿ, ನಿಮ್ಮ ಹೆಸರಿನ ಎದುರು ನಾಲ್ಕನೇ ಪ್ರತಿ ಅಂತ ಉಂಟು" ಎಂದಿದ್ದ. ನಾಲ್ಕನೇ ನಕಲು ತಾನೆ, ಅಸಲು ಬೇರೆ ಯಾರಿಗೋ ಹೋಗಿರಬೇಕು ಎಂದುಕೊಂಡು ಅಜ್ಜಿ ಅದನ್ನು ಪೆಟ್ಟಿಗೆಯಲ್ಲಿ ಇಟ್ಟರು. ಮಲಯಾಳದಲ್ಲಿ ಪ್ರತಿ ಎಂದರೆ ಪ್ರತಿವಾದಿ. ನನ್ನೆದುರು ಚೀಲ ಬಿಚ್ಚುವಾಗ ಎಂಬತ್ತನೇ ದಿನ.

ಸಮನ್ಸು ಮುಟ್ಟಿದ 30 ದಿನದೊಳಗೆ ಉತ್ತರ ಪತ್ರ ಹಾಕಬೇಕು. ಕೋರ್ಟು ಒಪ್ಪಿದರೆ 90 ದಿನದವರೆಗೆ ಹೋಗಬಹುದು. ಅದರ ಮೇಲೂ ಕೆಲವೊಮ್ಮೆ ಬಿಡುತ್ತಾರೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಉಳಿದ ಹತ್ತು ದಿನದಲ್ಲಿ ನನ್ನ ಸೀನಿಯರ್ ಹೇಗೋ ಮುಗಿಸಿದರು. ನಾನು ಮಾಡಿದ್ದು ಒಂದೇ ಕೆಲಸ: ಅಜ್ಜಿಗೆ ದಾವೆಯನ್ನು ತುಳುವಿನಲ್ಲಿ ಹೇಳಿದ್ದು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದದ್ದು. ಆಗ ನಾನು ಎನ್‌ರೋಲ್ ಆಗಿ ಒಂದು ವರ್ಷವೂ ಆಗಿರಲಿಲ್ಲ.

ಉಚಿತ ಕಾನೂನು ನೆರವಿಗೆ ಬರಬೇಕು ಎನ್ನುವ ಕಿರಿಯರು ನನ್ನಲ್ಲಿ ಕೇಳುವುದು "ನನಗೆ ಕೇಸು ಕೊಡ್ತಾರಾ?" ಎಂದು. ಕಾಸರಗೋಡಿನಲ್ಲಿ ಕೇಸು ನಡೆಸುವವರಿಗೆ ಅಷ್ಟು ಕೊರತೆ ಇಲ್ಲ. ಕೊರತೆ ಇರುವುದು ಕಾಗದ ಓದಿ ಹೇಳುವವರಿಗೆ. ಇಲ್ಲಿ ಪಾರ್ಟಿ (ಕಕ್ಷಿದಾರ) ಮಾತಾಡುವುದು ತುಳು, ಬ್ಯಾರಿ, ಕೊಂಕಣಿ ಅಥವಾ ಮರಾಟಿ. ಮನೆಯ ಆಧಾರ, ಅಂದರೆ ಜಾಗದ ದಸ್ತಾವೇಜು, ಕನ್ನಡದಲ್ಲಿ. ವಿಲ್ಲೇಜ್ ಆಫೀಸಿನ ಕಾಗದ ಮಲಯಾಳದಲ್ಲಿ. ದಾವೆ ಇಂಗ್ಲಿಷಿನಲ್ಲಿ. ಇವನ್ನೆಲ್ಲ ಒಂದೇ ಮೇಜಿನ ಮೇಲಿಟ್ಟು ಓದಬಲ್ಲ ಕಿರಿಯ ವಕೀಲ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತಾನೆ, ಬರುತ್ತಾಳೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾಗದದ ಮಾತೇ ಜಾಸ್ತಿ.

ಹೆಜ್ಜೆ 1: ನಿಮಗೆ ಯಾವ ಬಾಗಿಲು ತೆರೆದಿದೆ ನೋಡಿ

ಉಚಿತ ನೆರವಿನ ವ್ಯವಸ್ಥೆ ನಿಂತಿರುವುದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಮೇಲೆ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಕೇರಳದಲ್ಲಿ ಮೇಲೆ ಕೆಲ್ಸಾ (ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ), ಜಿಲ್ಲೆಯಲ್ಲಿ ಜಿಲ್ಲಾ ಪ್ರಾಧಿಕಾರ, ಅಂದರೆ ಡಿಎಲ್‌ಎಸ್‌ಎ, ಅದರ ಕೆಳಗೆ ತಾಲೂಕು ಕಾನೂನು ಸೇವಾ ಸಮಿತಿ. ಡಿಎಲ್‌ಎಸ್‌ಎ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ದಿನದ ಕೆಲಸ ನೋಡುವುದು ಕಾರ್ಯದರ್ಶಿ, ಅವರೂ ನ್ಯಾಯಾಧೀಶರೇ. ನೀವು ಹೋಗಿ ಮಾತಾಡಬೇಕಾದದ್ದು ಅವರಲ್ಲಿ.

ಪ್ಯಾನಲ್ ವಕೀಲರಾಗಲು (ನೆರವಿನ ಕೇಸು ನಡೆಸುವವರ ಪಟ್ಟಿಗೆ ಸೇರಲು) ಸಾಮಾನ್ಯವಾಗಿ 3 ವರ್ಷದ ಅನುಭವ ಕೇಳುತ್ತಾರೆ. ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೂ ಕಾನೂನು ಸೇವೆಗೂ ನಡುವೆ ನಿಲ್ಲುವ ಸ್ವಯಂಸೇವಕ) ಆಗೋಣವೆಂದರೆ, ಆ ಯೋಜನೆಯಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಜಾಗ ಇರುವುದು ವಕೀಲರಾಗಿ ಎನ್‌ರೋಲ್ ಆಗುವವರೆಗೆ ಮಾತ್ರ. ಅಂದರೆ ಮೊದಲ ಮೂರು ವರ್ಷ ನೀವು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತಲೆ ಕೆಡಿಸಿಕೊಳ್ಳಬೇಡಿ. ಪ್ಯಾನಲ್‌ನಲ್ಲಿರುವ ಹಿರಿಯರೊಬ್ಬರ ಜೊತೆ ಸೇರಿಕೊಳ್ಳಿ. ಕಾರ್ಯದರ್ಶಿಗೆ ಒಂದು ಪುಟದ ಅರ್ಜಿ ಕೊಡಿ: ಯಾವ ಭಾಷೆ ಮಾತಾಡಲು ಬರುತ್ತದೆ, ಯಾವುದನ್ನು ಓದಲು ಬರುತ್ತದೆ, ವಾರದಲ್ಲಿ ಯಾವ ದಿನ ಸಿಗುತ್ತೀರಿ. ಹಳೆಯ ಕನ್ನಡ ಕೈಬರಹ ಓದಲು ಬರುವುದಾದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೇಂದ್ರ ಸರಕಾರ 2017ರಲ್ಲಿ ಶುರುಮಾಡಿದ, ಉಚಿತವಾಗಿ ಕೇಸು ನಡೆಸುವ ವಕೀಲರನ್ನು ಬಡವರಿಗೆ ಜೋಡಿಸುವ ನ್ಯಾಯ ಬಂಧು ಯೋಜನೆಯಲ್ಲೂ ಹೆಸರು ನೋಂದಾಯಿಸಬಹುದು.

ಮಂಗಳೂರಿನಲ್ಲಿ ಓದಿ ಕರ್ನಾಟಕದ ಬಾರ್ ಕೌನ್ಸಿಲ್‌ನಲ್ಲಿ ಹೆಸರು ಮಾಡಿಸಿದವರು ನಮ್ಮಲ್ಲಿ ತುಂಬ ಜನ. ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರ ಜೂನ್ 15ರಿಂದ ಜಾರಿಯಲ್ಲಿದೆ, ದೇಶದ ಯಾವ ಕೋರ್ಟಿನಲ್ಲೂ ನಿಲ್ಲಬಹುದು. ಆದರೂ ಇಲ್ಲೇ ಬೇರೂರುವವರು 18ನೇ ಸೆಕ್ಷನ್ ಪ್ರಕಾರ ಹೆಸರನ್ನು ಕೇರಳಕ್ಕೆ ವರ್ಗ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 2: ಸೀನಿಯರಿಗೆ ಮೊದಲೇ ಹೇಳಿ

ಇದು ಸಣ್ಣ ಹೆಜ್ಜೆ, ಆದರೆ ತಪ್ಪಿದರೆ ದೊಡ್ಡ ರಗಳೆ. ನೆರವು ಕೇಳಿ ಬಂದವರ ಎದುರು ಪಾರ್ಟಿ ನಿಮ್ಮ ಆಫೀಸಿನ ಪಾರ್ಟಿಯೇ ಆಗಿರಬಹುದು. ಊರು ಸಣ್ಣದು, ಅಲ್ವಾ? ಕತೆ ಕೇಳುವ ಮೊದಲು ಎದುರಿನವರ ಹೆಸರು, ಮನೆಯ ಹೆಸರು ಕೇಳಿ. ನಿಮ್ಮ ಆಫೀಸಿಗೆ ಸಂಬಂಧ ಇದ್ದರೆ ಅಲ್ಲಿಗೇ ನಿಲ್ಲಿಸಿ ಬೇರೆಯವರಲ್ಲಿಗೆ ಕಳುಹಿಸಿ. ಅರ್ಧ ಕತೆ ಕೇಳಿದ ಮೇಲೆ ಹಿಂದೆ ಸರಿದರೂ ಕೇಳಿದ್ದು ಕಿವಿಯಲ್ಲೇ ಇರುತ್ತದೆ.

ಹೆಜ್ಜೆ 3: ಕಾಗದ ಓದಲು ಕಲಿಯಿರಿ

ಇದಕ್ಕೆ ಆರು ತಿಂಗಳು ಕೊಡಿ. ಅವಸರ ಬೇಡ.

ಮೊದಲಿಗೆ, ಈ ಜಾಗದ ಕಾಗದಗಳು ಯಾವ ಯಾವ ಆಡಳಿತ ದಾಟಿ ಬಂದಿವೆ ಎಂದು ತಿಳಿದಿರಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲಾ ಕೇಂದ್ರ ಮಂಗಳೂರು. ಕೇರಳಕ್ಕೆ ಸೇರಿದ ಮೇಲೆ ಸ್ವಲ್ಪ ದಿನ ಮಲಬಾರ್ ಜಿಲ್ಲೆ, 1957ರಿಂದ ಕಣ್ಣೂರು ಜಿಲ್ಲೆ. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಒಂದೇ ಜಾಗದ ಕಾಗದ ಹುಡುಕಲು ಮೂರು ಊರು ಸುತ್ತಬೇಕಾಗಿ ಬಂದರೆ ಆಶ್ಚರ್ಯ ಪಡಬೇಡಿ.

ಹಳೆಯ ಕನ್ನಡ ಆಧಾರದಲ್ಲಿ ಮೊದಲು ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ಗಡಿಯ ವಿವರ, ಓದಿ. ಮೂಡು (ಪೂರ್ವ), ಪಡು (ಪಶ್ಚಿಮ), ಬಡಗು (ಉತ್ತರ), ತೆಂಕು (ದಕ್ಷಿಣ). ಪಟ್ಟಣದಲ್ಲಿ ಬೆಳೆದವರು ಮೂಡು ಪಡು ಅದಲು ಬದಲು ಮಾಡುತ್ತಾರೆ. ನಾನೂ ಮಾಡಿದ್ದೇನೆ. ನಾನು ಬರೆದ ಪಟ್ಟಿಯಲ್ಲಿ ತೋಡು (ಸಣ್ಣ ಹಳ್ಳ) ಜಾಗದ ಆಚೆ ಬದಿಗೆ ಹೋಗಿತ್ತು, ಸೀನಿಯರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕಳುಹಿಸಿದರು. ಆಮೇಲೆ ಬೈಲು, ಮಜಲು, ಬೆಟ್ಟು, ಬಾಗಾಯ್ತು. ಇವು ಜಾಗದ ತರಗತಿ, ಅದರ ಮೇಲೆ ತೀರ್ವೆ (ಭೂಕಂದಾಯ) ನಿಂತಿತ್ತು. ವರ್ಗ ಎಂದರೆ ಒಬ್ಬನ ಹೆಸರಿನಲ್ಲಿದ್ದ ಹಿಡುವಳಿ. ಕುಮ್ಕಿ ಎಂದರೆ ವರ್ಗದ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗ. ಅಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆಯ ಹಕ್ಕು ಇತ್ತು, ಆದರೆ ಜಾಗ ಅವನದ್ದಾಗಿರಲಿಲ್ಲ. "ಕುಮ್ಕಿಯೂ ನಮ್ಮದೇ" ಎಂದು ಪಾರ್ಟಿ ಹೇಳಿದರೆ ತಲೆಯಾಡಿಸಿ ದಾವೆಯಲ್ಲಿ ಬರೆದುಬಿಡಬೇಡಿ.

ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷ ವರ್ಷದ ಗೇಣಿ) ಎಂಬ ಮಾತು ಕಂಡರೆ ಕೇರಳ ಭೂಸುಧಾರಣಾ ಕಾಯ್ದೆಯತ್ತ ತಿರುಗಿ. 1970ರ ಜನವರಿ 1ರಿಂದ ಗೇಣಿದಾರರ ಹಕ್ಕು ಬದಲಾಯಿತು. ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿ. ಹಲವು ಮನೆಗಳಲ್ಲಿ ಅದು ಗೋಡೆಯ ಫೋಟೋದ ಹಿಂದೆ ಇರುತ್ತದೆ, ತಮಾಷೆಗೆ ಹೇಳುವುದಲ್ಲ. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿ ಕೂತವರಾದರೆ ಕುಡಿಕಿಡಪ್ಪು, ಅಂದರೆ ಆ ಮನೆ ಅಡಿಯ ಜಾಗದ ಹಕ್ಕಿನ ಪ್ರಶ್ನೆ ಬರುತ್ತದೆ. ಪಂಚಾಯತ್ ಪ್ರದೇಶದಲ್ಲಿ ಅದರ ಅಳತೆ 10 ಸೆಂಟ್ಸ್.

ಪಾಲಿನ ತಕರಾರು ಬಂದರೆ ಮನೆಯವರು ಅಳಿಯಕಟ್ಟೋ (ಆಸ್ತಿ ತಾಯಿಯ ಕಡೆಯಿಂದ ಇಳಿಯುವವರು) ಮಕ್ಕಳಕಟ್ಟೋ (ತಂದೆಯ ಕಡೆಯಿಂದ ಇಳಿಯುವವರು) ಎಂದು ಮೊದಲೇ ಕೇಳಿ. ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡುವ ಕೇರಳದ ಕಾಯ್ದೆ ಜಾರಿಗೆ ಬಂದದ್ದು 1976ರ ಡಿಸೆಂಬರ್ 1ರಂದು. ಆ ದಿನ ಕುಟುಂಬದಲ್ಲಿ ಯಾರೆಲ್ಲ ಬದುಕಿದ್ದರು ಎಂಬ ಪಟ್ಟಿ ಬೇಕೇ ಬೇಕು. ಇದನ್ನು ಹೇಳಬಲ್ಲವರು ಮನೆಯ ಹಿರಿಯ ಹೆಂಗಸರು. ಅವರ ಪಕ್ಕ ಕೂತು ವಂಶವೃಕ್ಷ ಬರೆಯಿರಿ. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು ಈ ರಾಜ್ಯ ಕಾಯ್ದೆ ಎದುರುಬದುರಾದಾಗ ಏನು ಎಂಬುದರ ಮೇಲೆ ಕೇರಳ ಹೈಕೋರ್ಟಿನ 2025ರ ತೀರ್ಪು ಇದೆ. ಹಳೆಯ ಪುಸ್ತಕ ನೋಡಿ ಸಲಹೆ ಕೊಡುವ ಮೊದಲು ಅದನ್ನು ಓದಿ.

ಇನ್ನು ಮಾತಿನ ಬಲೆ. ಕನ್ನಡ, ಮಲಯಾಳ ಎರಡರಲ್ಲೂ ಒಂದೇ ಶಬ್ದ, ಅರ್ಥ ಮಾತ್ರ ಬೇರೆ. ಮಲಯಾಳದಲ್ಲಿ ಅನ್ಯಾಯ ಎಂದರೆ ದಾವಾಪತ್ರ. "ನನ್ನ ಮೇಲೆ ಅನ್ಯಾಯ ಕೊಟ್ಟಿದ್ದಾರೆ" ಎಂದು ಪಾರ್ಟಿ ಹೇಳಿದರೆ ಸುಮ್ನೆ ದುಃಖ ಹೇಳಿಕೊಳ್ಳುತ್ತಿಲ್ಲ, ಕೋರ್ಟಿನಿಂದ ಕಾಗದ ಬಂದಿದೆ ಎನ್ನುತ್ತಿದ್ದಾರೆ. ವಿಧಿ ಎಂದರೆ ತೀರ್ಪು. ಅವಕಾಶ ಎಂದರೆ ಹಕ್ಕು. ಅಪೇಕ್ಷೆ ಎಂದರೆ ಅರ್ಜಿ. ಪ್ರತಿಯ ಕತೆ ಆಗಲೇ ಹೇಳಿದೆ. ಪೋಕ್ಕುವರವ್ ಎಂಬ ಶಬ್ದ ನೋಡಿ ಹೋಗಿ ಬರುವ ದಾರಿಯ ವಿಷಯ ಎಂದುಕೊಂಡವರಿದ್ದಾರೆ, ಅದು ಖಾತೆ ಬದಲಾವಣೆ. ತಂಡಪ್ಪೇರ್ ಎಂದರೆ ವಿಲ್ಲೇಜ್ ಆಫೀಸಿನಲ್ಲಿ ನಿಮ್ಮ ಖಾತೆಯ ನಂಬರು. ಒಸ್ಯತ್ ಎಂದರೆ ನಮ್ಮ ವೀಲುನಾಮೆ. ಇಂಥ ಶಬ್ದಗಳ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದು ಈಗ ಮೂರನೆಯದು.

ಹೆಜ್ಜೆ 4: ಮೊದಲ ಭೇಟಿ

ನೆರವು ಕೇಳುವವರು ಒಬ್ಬರೇ ಬರುವುದು ಕಡಿಮೆ. ಜೊತೆಗೆ ಅಳಿಯ, ಪಂಚಾಯತ್ ಮೆಂಬರು, ಇಲ್ಲವೇ ಕಾಗದ ಪತ್ರದ ಕೆಲಸ ಮಾಡಿಕೊಡುವ ಊರಿನ ಯಾರೋ ಒಬ್ಬರು ಇರುತ್ತಾರೆ. ಮಾತಾಡುವುದೆಲ್ಲ ಅವರೇ. ಅವರನ್ನು ಬೈದು ಕಳುಹಿಸಬೇಡಿ, ನಾಳೆ ಕಾಗದ ತಂದುಕೊಡುವವರೂ ಅವರೇ. "ಅಣ್ಣ, ಈ ಆಧಾರದ ಎರಡು ಜೆರಾಕ್ಸ್ ಮಾಡಿಸಿ ತರ್ತೀರಾ?" ಎಂದು ಕೇಳಿ. ಆ ಹದಿನೈದು ನಿಮಿಷದಲ್ಲಿ ನೆರವು ಕೇಳಿ ಬಂದ ಅಕ್ಕನ ಬಾಯಿಂದಲೇ ಕತೆ ಕೇಳಿ. ಗಂಡನ ಮನೆಯ ತಕರಾರು, ಅಣ್ಣತಮ್ಮಂದಿರ ಪಾಲಿನ ತಕರಾರಿನಲ್ಲಿ ಇದು ತುಂಬ ಮುಖ್ಯ. ಜೊತೆಗೆ ಬಂದ ಅಣ್ಣನೇ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡವನೂ ಆಗಿರಬಹುದು.

ಮೊದಲು ಕೇಳಬೇಕಾದದ್ದು ತಾರೀಖು. ಕಾಗದ ಯಾವತ್ತು ಕೈಗೆ ಬಂತು? ನೆನಪಿಲ್ಲ ಎಂದರೆ ಬೇರೆ ದಾರಿಯಲ್ಲಿ ಕೇಳಿ. ಕುಂಬಳೆ ದೇವಸ್ಥಾನದ ಆಯನದ (ಜಾತ್ರೆಯ) ಮೊದಲಾ, ಆಮೇಲಾ? ಅಡಿಕೆ ಕೊಯ್ಲಿನ ಸಮಯವಾ? ಹೀಗೆ ಕೇಳಿದರೆ ದಿನ ಸಿಗುತ್ತದೆ. ಎಕ್ಸ್‌ಪಾರ್ಟಿ ಡಿಕ್ರಿ (ಒಂದು ಕಡೆಯವರು ಬಾರದೆ ಆದ ತೀರ್ಪು) ರದ್ದು ಮಾಡಿಸಲು 30 ದಿನ. ಮುನ್ಸಿಫ್ ಕೋರ್ಟಿನ ಡಿಕ್ರಿ ಮೇಲೆ ಜಿಲ್ಲಾ ಕೋರ್ಟಿನಲ್ಲಿ ಅಪೀಲಿಗೆ 30 ದಿನ. ಸರಕಾರದ ಮೇಲೆ ದಾವೆ ಹಾಕುವುದಾದರೆ ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು.

ಆಮೇಲೆ, ನೆರವಿಗೆ ಅರ್ಹರೇ ಎಂದು ನೋಡಿ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಭೂಕಂಪದಂಥ ವಿಪತ್ತಿಗೆ ಸಿಕ್ಕವರು, ಇವರ ಆದಾಯ ನೋಡುವ ಹಾಗಿಲ್ಲ. ಕೊರಗರ ಕಾಲೊನಿಯಿಂದ ಬಂದವರಲ್ಲಿ ಆದಾಯ ಸರ್ಟಿಫಿಕೇಟ್ ತನ್ನಿ ಎಂದು ಯಾರಾದರೂ ಹೇಳುತ್ತಿದ್ದರೆ ಮೆತ್ತಗೆ ತಿದ್ದಿ. ಉಳಿದವರಿಗೆ ರಾಜ್ಯ ಸರಕಾರದ ಆದಾಯ ಮಿತಿ ಇದೆ. ಅದಕ್ಕೂ ಅಫಿದಾವಿತ್ ಸಾಕು ಎಂದು 13ನೇ ಸೆಕ್ಷನ್ ಹೇಳುತ್ತದೆ, ಅನುಮಾನ ಬಂದರೆ ಮಾತ್ರ ಹೆಚ್ಚು ಕೇಳಬಹುದು.

ಹೆಬ್ಬೆಟ್ಟು ಒತ್ತುವವರ ಅಫಿದಾವಿತ್ ಆದರೆ ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿ. ಓದಿ ಹೇಳಿದವರು ಯಾರು, ಯಾವ ಭಾಷೆಯಲ್ಲಿ ಎಂದು ಕೆಳಗೆ ಬರೆಯಿರಿ. ಅಡ್ಡಸವಾಲಿನಲ್ಲಿ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಹೆಜ್ಜೆ 5: ಎಲ್ಲದಕ್ಕೂ ಕೋರ್ಟಲ್ಲ

ಬಂದ ತಕರಾರುಗಳನ್ನು ಬೇರೆ ಬೇರೆ ಕಡೆಗೆ ಕಳುಹಿಸಲು ಗೊತ್ತಿರಬೇಕು.

ಮಕ್ಕಳು ನೋಡಿಕೊಳ್ಳುತ್ತಿಲ್ಲ ಎನ್ನುವ ಅಪ್ಪ ಅಮ್ಮಂದಿರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಉಂಟು. ಅರ್ಜಿ ಹೋಗುವುದು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಎದುರಿನ ಟ್ರಿಬ್ಯೂನಲ್‌ಗೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಜಾಗ ಬರೆದುಕೊಟ್ಟು ಕೈ ಸುಟ್ಟುಕೊಂಡವರಾದರೆ 23ನೇ ಸೆಕ್ಷನ್ ಓದಿ, ಆಮೇಲೆ ದಾನಪತ್ರ ಓದಿ. ನೋಡಿಕೊಳ್ಳಬೇಕು ಎಂಬ ಷರತ್ತು ಅದರಲ್ಲಿದೆಯೇ? ಒಂದು ಸಾಲಿನ ಮೇಲೆ ಎಲ್ಲ ನಿಂತಿರುತ್ತದೆ.

ರಸ್ತೆ ಅಪಘಾತ. ತಲಪಾಡಿಯಿಂದ ಕಾಲಿಕ್ಕಡವಿನವರೆಗಿನ ಹೆದ್ದಾರಿ ಇರುವವರೆಗೆ ಇದು ನಿಲ್ಲುವುದಿಲ್ಲ. ಗಾಯವಾದವರು ಹೋಗುವುದು ಮಂಗಳೂರಿನ ಆಸ್ಪತ್ರೆಗೆ. ಅಪಘಾತ ಕೇರಳದಲ್ಲಿ, ಚಿಕಿತ್ಸೆ ಕರ್ನಾಟಕದಲ್ಲಿ. ಕೆಲವೊಮ್ಮೆ ಎಫ್‌ಐಆರ್ ಕೂಡ ಅತ್ತ ಕಡೆಯದು. ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಕಾಗದ, ಬಿಲ್ಲು ಎಲ್ಲ ಬೇಗ ತರಿಸಿ, ಯಾಕೆಂದರೆ 2022ರ ಏಪ್ರಿಲ್‌ನಿಂದ ಅರ್ಜಿಗೆ 6 ತಿಂಗಳ ಗಡುವು ಬಂದಿದೆ. ಪರಿಹಾರ ಕೇಳುವವರು ತಾವು ವಾಸವಿರುವ ಕಡೆಯ ಟ್ರಿಬ್ಯೂನಲ್‌ನಲ್ಲೇ ಅರ್ಜಿ ಹಾಕಬಹುದು. ಕರ್ನಾಟಕದ ವಿಟ್ಲದಲ್ಲಿ ಅಪಘಾತ ಆದರೂ ನಮ್ಮ ಬದಿಯ ವರ್ಕಾಡಿಯ ಮನುಷ್ಯ ಬಂಟ್ವಾಳಕ್ಕೆ ಅಲೆಯಬೇಕಾಗಿಲ್ಲ. ಜಾಗದ ದಾವೆ ಹಾಗಲ್ಲ. ಜಾಗ ಎಲ್ಲಿದೆಯೋ ಅಲ್ಲಿನ ಕೋರ್ಟೇ.

ಬ್ಯಾಂಕಿನಿಂದ ಸರ್ಫಾಸಿ ನೋಟಿಸು (ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಅಡವನ್ನು ಹಿಡಿಯಲು ಬಿಡುವ ಕಾಯ್ದೆಯದು) ಬಂದರೆ ಸಿವಿಲ್ ಕೋರ್ಟಿಗೆ ಓಡಬೇಡಿ, ಅಲ್ಲಿ ಬಾಗಿಲು ಮುಚ್ಚಿದೆ. ಮೊದಲ ನೋಟಿಸಿಗೆ 60 ದಿನದ ಸಮಯ ಇರುತ್ತದೆ. ಆಕ್ಷೇಪ ಬರೆದು ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಬೇಕು. ಸ್ವಾಧೀನಕ್ಕೆ ಹೊರಟರೆ 45 ದಿನದೊಳಗೆ ಎರ್ನಾಕುಳಂನ ಸಾಲ ವಸೂಲಿ ಟ್ರಿಬ್ಯೂನಲ್. ಅಡವಿಟ್ಟದ್ದು ಕೃಷಿ ಜಾಗವೇ ಎಂದು ತಪ್ಪದೆ ನೋಡಿ. ಕೃಷಿ ಜಾಗಕ್ಕೆ ಈ ಕಾಯ್ದೆ ತಾಗುವುದಿಲ್ಲ. ಅಡಿಕೆ ತೋಟ ಇಟ್ಟು ಸಾಲ ತೆಗೆದವರ ಊರಿನಲ್ಲಿ ಇದು ಸಣ್ಣ ವಿಷಯವೇ?

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯಿಂದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಯವರು ಬಂದರೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಮಾಡಿದ ಆದೇಶದಿಂದ ಶುರುಮಾಡಿ. ಹಣ ಬರಲಿಲ್ಲವೆಂದು 2022ರಲ್ಲಿ ಮತ್ತೆ ಅಲ್ಲಿಗೇ ಹೋಗಬೇಕಾಯಿತು. ಚಿಕಿತ್ಸೆಯ ಸೌಕರ್ಯ ಹೇಗಿದೆ ಎಂದು ನೋಡಿ ವರದಿ ಕೊಡಲು ಕೋರ್ಟು ಹೇಳಿದ್ದು ನಮ್ಮ ಡಿಎಲ್‌ಎಸ್‌ಎ ಕಾರ್ಯದರ್ಶಿಗೇ. ಇಲ್ಲಿ ನಿಮ್ಮ ಕೆಲಸ ಹೆಚ್ಚಾಗಿ ಕಾಗದದ್ದು. ಪಟ್ಟಿಯಲ್ಲಿ ಹೆಸರಿದೆಯೇ, ಹೆಸರಿನ ಸ್ಪೆಲ್ಲಿಂಗ್ ಆಧಾರ್ ಕಾರ್ಡಿಗೆ ಹೊಂದುತ್ತದೆಯೇ, ತೀರಿಕೊಂಡವರಿಗೆ ವಾರಸುದಾರರು ಯಾರು. ಕನ್ನಡದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರುವಾಗ ಮನುಷ್ಯನೇ ಬದಲಾಗಿಬಿಟ್ಟಿರುತ್ತಾನೆ.

ಎಷ್ಟೋ ಸಲ ವಿಲ್ಲೇಜ್ ಆಫೀಸಿಗೆ ಒಂದು ಸರಿಯಾದ ಅರ್ಜಿ ಬರೆದುಕೊಟ್ಟರೆ ಕೆಲಸ ಮುಗಿಯುತ್ತದೆ. ಕನ್ನಡದಲ್ಲೇ ಬರೆಯಿರಿ. ದೂರು ಹೇಳಿಕೊಳ್ಳುವ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ಆದರೆ ಅವಸರದ ಕೆಲಸವಾದರೆ ಜೊತೆಗೆ ಮಲಯಾಳದ ಒಂದು ಪ್ರತಿಯನ್ನೂ ಇಡಿ. ಹಕ್ಕು ಇದೆ ನಿಜ, ಬಡವರ ಅರ್ಜಿಯ ಮೇಲೆ ನಾವು ಭಾಷೆಯ ಹೋರಾಟ ನಡೆಸುವುದು ನನಗೆ ಸರಿ ಕಾಣುವುದಿಲ್ಲ. ಹೋರಾಟಕ್ಕೆ ನಮ್ಮದೇ ಅರ್ಜಿ ಹಾಕೋಣ. ಯಾವುದಕ್ಕೂ ಸೀಲು, ತಾರೀಖು ಇರುವ ರಸೀದಿ ಪಡೆಯದೆ ಕೌಂಟರ್ ಬಿಡಬೇಡಿ.

ಹೆಜ್ಜೆ 6: ಲೋಕ ಅದಾಲತ್‌ನಲ್ಲಿ ಅವಸರ ಮಾಡಬೇಡಿ

ರಾಜಿ ಒಳ್ಳೆಯದೇ. ಕೋರ್ಟು ಶುಲ್ಕ ವಾಪಸ್ ಬರುತ್ತದೆ, ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ. ಆದರೆ ಅದಾಲತ್‌ನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಸಹಿಗೆ ಮೊದಲು ರಾಜಿ ಪತ್ರವನ್ನು ಪಾರ್ಟಿಯ ಭಾಷೆಯಲ್ಲಿ ಓದಿ. "ಅಕ್ಕ, ಇದರ ಮೇಲೆ ಇನ್ನು ಎಲ್ಲಿಗೂ ಅಪೀಲಿಗೆ ಹೋಗುವ ಹಾಗಿಲ್ಲ, ಗೊತ್ತಾಯ್ತಾ?" ಎಂದು ಕೇಳಿ. ಗೊತ್ತಾಯ್ತು ಎಂದರೆ ಸಾಲದು. ಎಂತ ಗೊತ್ತಾಯ್ತು ಎಂದು ಅವರ ಬಾಯಲ್ಲೇ ಹೇಳಿಸಿ. ಸುತ್ತ ಗದ್ದಲ ಇರುತ್ತದೆ, ಬೇಗ ಮುಗಿಸಿ ಎನ್ನುತ್ತಿರುತ್ತಾರೆ. ಐದು ನಿಮಿಷ ಕೇಳಿ ತೆಗೆದುಕೊಳ್ಳಿ. ಯಾವ ನ್ಯಾಯಾಧೀಶರೂ ನನಗೆ ಇದುವರೆಗೆ ಬೇಡ ಎಂದಿಲ್ಲ.

ಹೆಜ್ಜೆ 7: ದುಡ್ಡು, ಬಾಳೆಗೊನೆ, ಫೋಟೋ

ನೆರವಿನ ಪಾರ್ಟಿಯಿಂದ ಒಂದು ರೂಪಾಯಿಯೂ ಬೇಡ. ಜೆರಾಕ್ಸಿನ ಹಣ, ಬಸ್ಸಿನ ಹಣ ಎಂದೂ ಬೇಡ. ಖರ್ಚಿಗೆ ಡಿಎಲ್‌ಎಸ್‌ಎಯಲ್ಲಿ ಕೇಳಿ. ಬಾಳೆಗೊನೆ, ಹಲಸಿನಹಣ್ಣು ಹಿಡಿದುಕೊಂಡು ಬಂದರೆ ಕಷ್ಟ, ವಾಪಸ್ ಕಳುಹಿಸಿದರೆ ಅವರಿಗೆ ಬೇಸರ. ನನ್ನ ಸೀನಿಯರ್ ಅದನ್ನು ಆಫೀಸಿನ ಹೊರಗೆ ಬೆಂಚಿನ ಮೇಲಿಟ್ಟು ಕಾಯುತ್ತಿದ್ದ ಎಲ್ಲರಿಗೂ ಹಂಚುತ್ತಿದ್ದರು, ತಂದವರಿಗೂ ಸೇರಿಸಿ. ನಾನೂ ಹಾಗೇ ಮಾಡುತ್ತೇನೆ.

ಪಾರ್ಟಿಯ ಜೊತೆ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಬಾರ್ ಕೌನ್ಸಿಲ್‌ನ 36ನೇ ನಿಯಮ ಜಾಹೀರಾತನ್ನು ತಡೆಯುತ್ತದೆ. ಅದೇ ನಿಯಮಗಳಲ್ಲಿ 46ನೆಯದು ಬಡವರಿಗೆ ಉಚಿತ ನೆರವು ವಕೀಲರ ಬಹು ದೊಡ್ಡ ಕರ್ತವ್ಯ ಎನ್ನುತ್ತದೆ, ನಿಮ್ಮ ಆರ್ಥಿಕ ಸ್ಥಿತಿಯ ಮಿತಿಯಲ್ಲಿ ಎಂದೂ ಸೇರಿಸುತ್ತದೆ. ಆ ಕೊನೆಯ ಮಾತನ್ನು ಜೂನಿಯರುಗಳು ಗಮನಿಸಬೇಕು. ಸ್ಟೈಪೆಂಡಿನಲ್ಲಿ ತಿಂಗಳು ದೂಡುವವರು ವಾರಕ್ಕೆ ಅರ್ಧ ದಿನ ಕೊಟ್ಟರೆ ಸಾಕು. ಎಲ್ಲ ದಿನ ಬರುತ್ತೇನೆಂದು ಹೇಳಿ ಮೂರನೇ ತಿಂಗಳು ಕಾಣೆಯಾಗುವವರಿಂದ ತೊಂದರೆಯೇ ಜಾಸ್ತಿ.

ಹೆಜ್ಜೆ 8: ಬಿಟ್ಟು ಹೋಗುವಾಗ

ನೀವು ಹೋಗುತ್ತೀರಿ. ಎರ್ನಾಕುಳಂಗೆ, ಬೆಂಗಳೂರಿಗೆ, ಇಲ್ಲವೇ ಮುನ್ಸಿಫ್ ಪರೀಕ್ಷೆಗೆ ಓದಲು ಮನೆಗೆ. ತಪ್ಪೇನಿಲ್ಲ. ಆದರೆ ಒಂದು ತಿಂಗಳು ಮೊದಲೇ ಕಾರ್ಯದರ್ಶಿಗೆ ಹೇಳಿ. ಪ್ರತಿ ಫೈಲಿನ ಮೇಲೆ ಒಂದು ಹಾಳೆ ಅಂಟಿಸಿ: ಪಾರ್ಟಿ ಯಾವ ಭಾಷೆ ಮಾತಾಡುತ್ತಾರೆ, ಅಸಲು ಕಾಗದ ಯಾರ ಕೈಯಲ್ಲಿದೆ, ಫೋನು ಯಾರದ್ದು (ಅದು ಹೆಚ್ಚಾಗಿ ಮೊಮ್ಮಗನದ್ದಾಗಿರುತ್ತದೆ, ಅವನು ಗಲ್ಫಿಗೆ ಹೋದರೆ ನಂಬರು ಸತ್ತಿತು), ಮುಂದಿನ ತಾರೀಖು ಯಾವಾಗ. ಅಸಲು ಆಧಾರ ನಿಮ್ಮಲ್ಲಿದ್ದರೆ ಪಾರ್ಟಿಗೆ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಹೊಸ ವಕೀಲರನ್ನು ಪಾರ್ಟಿಗೆ ಎದುರೆದುರೇ ಪರಿಚಯ ಮಾಡಿಸಿ, ಫೋನಿನಲ್ಲಿ ಬೇಡ. ಮುಂದಿನ ತಾರೀಖನ್ನು ಅವರ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ಇಲ್ಲಿ ಮನೆಮನೆಯಲ್ಲೂ ಕನ್ನಡದ್ದೊಂದು, ಮಲಯಾಳದ್ದೊಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಎರಡರಲ್ಲೂ ಹಾಕಿಸಿ.